ಒಂದು ಬ್ಲಾಕಿಂಗ್ ಪೆಪ್ಟೈಡ್ ತರಿಸಿ, ಬಳಸಿ ಮುಗಿಸಿದ ಕಥೆ: ಕಾರವಾರದ ಲ್ಯಾಬ್‌ನಿಂದ

ಜರ್ನಲ್‌ಗೆ ಕಳಿಸಿದ ನಮ್ಮ ಪೇಪರನ್ನು ಪರಿಶೀಲಿಸಿದ ರಿವ್ಯೂವರ್ ಬರೆದಿದ್ದು ಎರಡೇ ಸಾಲು. ನಿಮ್ಮ ಬ್ಲಾಟ್‌ನಲ್ಲಿ ಒಂದಕ್ಕಿಂತ ಜಾಸ್ತಿ ಬ್ಯಾಂಡ್ ಕಾಣುತ್ತಿದೆ, ಆಂಟಿಬಾಡಿ ಹಿಡಿದಿರುವುದು ಆರ್‌ಎಕ್ಸ್‌ಆರ್ ಎಂಬ ಪ್ರೋಟೀನನ್ನೇ ಎಂದು ನಂಬುವುದು ಹೇಗೆ? ಬ್ಲಾಕಿಂಗ್ ಪೆಪ್ಟೈಡ್ ಹಾಕಿ ತೋರಿಸಿ. (ಬ್ಲಾಟ್ ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬಿಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ವರ್ಗಾಯಿಸಿ, ಬೇಕಾದ ಪ್ರೋಟೀನನ್ನು ಆಂಟಿಬಾಡಿಯಿಂದ ಹಿಡಿಸಿ ನೋಡುವ ಪರೀಕ್ಷೆ. ಹಿಡಿದ ಜಾಗದಲ್ಲಿ ಕಾಣುವ ಗೆರೆಯೇ ಬ್ಯಾಂಡ್.) ಈ ಎರಡು ಸಾಲಿಗೆ ಉತ್ತರ ಕೊಡುವಷ್ಟರಲ್ಲಿ 2024ರ ಬೇಸಿಗೆ ಮುಗಿದು ಮಳೆಗಾಲವೂ ಮುಗಿಯುತ್ತಾ ಬಂದಿತ್ತು. ಮೊನ್ನೆ ಪೇಪರ್ ಒಪ್ಪಿಗೆಯಾಗಿದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಸಣ್ಣ ಊರಿನ ಲ್ಯಾಬ್‌ಗಳಲ್ಲಿ ಕೂತು ಇದೇ ಕೆಲಸ ಮಾಡುವವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ, ಅವರಿಗೆ ಉಪಯೋಗ ಆಗಬಹುದು.

ಮೊದಲು ಕೆಲಸದ ಬಗ್ಗೆ ಸ್ವಲ್ಪ. ನಾನು ನೋಡುವುದು ಬಂಡೆಗೆ ಅಂಟಿಕೊಂಡು ಬದುಕುವ ಕಡಲ ಶಂಖದ ಹುಳುಗಳನ್ನು. ಹಡಗು, ದೋಣಿಗಳ ತಳಕ್ಕೆ ಚಿಪ್ಪುಜೀವಿಗಳು ಅಂಟದಿರಲಿ ಎಂದು ಹಿಂದೆ ಟಿಬಿಟಿ, ಅಂದರೆ ಟ್ರೈಬ್ಯುಟೈಲ್‌ಟಿನ್ ಇರುವ ಬಣ್ಣ ಬಳಿಯುತ್ತಿದ್ದರು. ಅದು ನೀರಿಗೆ ಬಿಟ್ಟುಕೊಂಡರೆ ಹೆಣ್ಣು ಶಂಖದ ಮೈಮೇಲೆ ಗಂಡಿನ ಅಂಗ ಬೆಳೆಯುತ್ತದೆ. ಇದಕ್ಕೆ ಇಂಪೋಸೆಕ್ಸ್ ಅನ್ನುತ್ತಾರೆ. ಪಕ್ಕದ ಗೋವಾದ ಶಂಖಗಳಲ್ಲಿ ಇದು ಕಂಡಿದೆ ಎಂದು 1999ರಲ್ಲೇ ವರದಿಯಾಗಿತ್ತು. ಹಡಗುಗಳ ಇಂಥ ಬಣ್ಣಕ್ಕೆ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಆದರೆ ಬಂದರಿನ ಕೆಸರಿನಲ್ಲಿ ಕೂತ ಟಿಬಿಟಿ ಅಷ್ಟು ಬೇಗ ಹೋಗುವುದಿಲ್ಲ. ಹಾಗಾಗಿ ಕಾರವಾರದ ಬಂದರು ಇರುವ ಬೈತ್‌ಕೋಲ್ ಕಡೆಯ ಬಂಡೆಗಳ ಶಂಖ ಮತ್ತು ದೋಣಿ ಅಷ್ಟಾಗಿ ಬಾರದ ತೀರದ ಶಂಖ, ಎರಡನ್ನೂ ಹೋಲಿಸಿ ನೋಡುವುದು ನನ್ನ ಪಿಎಚ್‌ಡಿಯ ಒಂದು ಅಧ್ಯಾಯ.

ಇಲ್ಲಿ ನ್ಯೂಕ್ಲಿಯರ್ ರಿಸೆಪ್ಟರ್, ಅಂದರೆ ಜೀವಕೋಶದ ಒಳಗೆ ಹಾರ್ಮೋನಿನಂಥ ವಸ್ತುವನ್ನು ಹಿಡಿಯುವ ಪ್ರೋಟೀನ್, ಬರುತ್ತದೆ. ಟಿಬಿಟಿ ಶಂಖದಲ್ಲಿ ಹಿಡಿದುಕೊಳ್ಳುವುದು ಆರ್‌ಎಕ್ಸ್‌ಆರ್ ಎಂಬ ರಿಸೆಪ್ಟರನ್ನು ಎಂದು 2004ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಮನುಷ್ಯರಲ್ಲಿ ಇಂಥ ನ್ಯೂಕ್ಲಿಯರ್ ರಿಸೆಪ್ಟರ್‌ಗಳು 48 ಇವೆ. ಈಸ್ಟ್ರೊಜೆನ್, ಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಇವುಗಳ ರಿಸೆಪ್ಟರ್‌ಗಳೆಲ್ಲ ಒಂದೇ ಕುಟುಂಬ. ಬಹುತೇಕ ಎಲ್ಲವೂ ಹೋಗಿ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಚಾಲೂ ಮಾಡುತ್ತವೆ ಅಥವಾ ನಿಲ್ಲಿಸುತ್ತವೆ. ಒಂದೇ ಕುಟುಂಬ ಅನ್ನುವುದೇ ನಮ್ಮ ತಲೆನೋವಿನ ಮೂಲ. ಡಿಎನ್‌ಎ ಹಿಡಿಯುವ ಭಾಗ ಇವೆಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮುಂಭಾಗದ ತುದಿ ಮಾತ್ರ ಒಂದೊಂದರಲ್ಲಿ ಒಂದೊಂದು ಥರ.

ಮನುಷ್ಯರ ಅಥವಾ ಇಲಿಯ ಜೀವಕೋಶದ ಮೇಲೆ ಕೆಲಸ ಮಾಡುವವರಾದರೆ ಆ ಮುಂಭಾಗದ ತುದಿಗೆ ಮಾಡಿದ ಆಂಟಿಬಾಡಿ ಕೊಳ್ಳುತ್ತಾರೆ. ಬೇರೆ ರಿಸೆಪ್ಟರ್‌ಗಳ ಜೊತೆ ಗೊಂದಲ ಕಡಿಮೆ. ನಮಗೆ ಆ ಅನುಕೂಲ ಇಲ್ಲ. ಶಂಖಕ್ಕೆ ಅಂತಲೇ ಮಾಡಿದ ಆಂಟಿಬಾಡಿ ಕ್ಯಾಟಲಾಗ್‌ನಲ್ಲಿ ಸಿಗುವುದಿಲ್ಲ. ಮನುಷ್ಯರ ಆರ್‌ಎಕ್ಸ್‌ಆರ್-ಆಲ್ಫಾಗೆ ಮಾಡಿದ್ದನ್ನೇ ಬಳಸಬೇಕು. ಮನುಷ್ಯನಿಂದ ಶಂಖದವರೆಗೆ ಬದಲಾಗದೆ ಉಳಿದಿರುವುದು ಡಿಎನ್‌ಎ ಹಿಡಿಯುವ ಭಾಗ. ಹಾಗಾಗಿ ಅದಕ್ಕೇ ಮಾಡಿದ ಆಂಟಿಬಾಡಿ ಬೇಕು. ಆದರೆ ಅದೇ ಭಾಗ ಬೇರೆ ರಿಸೆಪ್ಟರ್‌ಗಳಲ್ಲೂ ಇದೆ! ಶಂಖದಲ್ಲಿ ಕೆಲಸ ಮಾಡುವ ಗುಣ, ಅಡ್ಡದಾರಿ ಹಿಡಿಯುವ ಗುಣ ಎರಡೂ ಒಂದೇ ಆಂಟಿಬಾಡಿಯಲ್ಲಿ ಬರುತ್ತವೆ. ರಿವ್ಯೂವರ್ ಕೇಳಿದ್ದು ಸರಿಯಾಗಿಯೇ ಇತ್ತು. ಮೊದಲ ದಿನ ಸಿಟ್ಟು ಬಂದಿದ್ದು ನಿಜ.

ನಮ್ಮ ಬ್ಲಾಟ್‌ನಲ್ಲಿ ಮೂರು ಬ್ಯಾಂಡ್ ಇದ್ದವು. ಒಂದು 50 ಕಿಲೋಡಾಲ್ಟನ್‌ಗಿಂತ (ಇದು ಪ್ರೋಟೀನಿನ ತೂಕದ ಅಳತೆ) ಸ್ವಲ್ಪ ಮೇಲೆ, ಆರ್‌ಎಕ್ಸ್‌ಆರ್ ಇರಬೇಕಾದ ಜಾಗದಲ್ಲೇ. ಒಂದು 75ರ ಹತ್ತಿರ. ಇನ್ನೊಂದು 35ರ ಆಸುಪಾಸು.

ಬ್ಲಾಕಿಂಗ್ ಪೆಪ್ಟೈಡ್ ಅಂದರೆ ಏನು ಎಂದು ನನ್ನ ಜೂನಿಯರ್ ಹುಡುಗಿ ಕೇಳಿದಾಗ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊಲಕ್ಕೆ ಯಾವ ಪ್ರೋಟೀನ್ ತುಂಡನ್ನು ಚುಚ್ಚಿ ಆಂಟಿಬಾಡಿ ಮಾಡಿಸಿದರೋ ಅದೇ ತುಂಡು ಇದು. ಸಾಮಾನ್ಯವಾಗಿ 10ರಿಂದ 20 ಅಮೈನೋ ಆಮ್ಲ ಉದ್ದ. ಏಡಿಯ ಎರಡೂ ಕೊಂಡಿಗೆ ಮೊದಲೇ ಒಂದೊಂದು ಕಡ್ಡಿ ಕೊಟ್ಟುಬಿಟ್ಟರೆ ಅದು ನಿಮ್ಮ ಬೆರಳು ಹಿಡಿಯುವುದಿಲ್ಲ, ಅಲ್ವಾ? ಆಂಟಿಬಾಡಿಗೂ ಕೈ ಎರಡೇ. ಪೆಪ್ಟೈಡ್ ಧಾರಾಳವಾಗಿ ಬೆರೆಸಿಟ್ಟು, ಆಮೇಲೆ ಮೆಂಬ್ರೇನ್ ಮೇಲೆ ಹಾಕಿದರೆ, ಆ ಕೈಯಿಂದ ಹಿಡಿಯುತ್ತಿದ್ದ ಬ್ಯಾಂಡ್‌ಗಳೆಲ್ಲ ಮಾಯವಾಗಬೇಕು. ಉಳಿದವು ಬೇರೆ ಯಾವುದೋ ಕಾರಣಕ್ಕೆ ಬಂದವು ಎಂದರ್ಥ.

ಸುಲಭ ಅನ್ನಿಸುತ್ತದೆ. ತರಿಸುವುದು ಸುಲಭ ಅಲ್ಲ.

ರಿವ್ಯೂವರ್ ಪತ್ರ ಬಂದದ್ದು ಫೆಬ್ರವರಿ ಕೊನೆಗೆ. ಸರ್ಕಾರಿ ದುಡ್ಡಿನ ಪ್ರಾಜೆಕ್ಟ್ ನಡೆಸಿದವರಿಗೆ ಈ ತಿಂಗಳ ಅರ್ಥ ಗೊತ್ತಿರುತ್ತದೆ. ಮಾರ್ಚ್ 31ರ ಒಳಗೆ ಬಿಲ್ ಆಗದಿದ್ದರೆ ದುಡ್ಡು ಮುಂದಿನ ವರ್ಷಕ್ಕೆ ಹೋಗುತ್ತದೆ, ಅದಕ್ಕೆ ಮತ್ತೆ ಅನುಮತಿ. ಬೆಂಗಳೂರಿನ ಡೀಲರ್‌ಗೆ ಅವತ್ತೇ ಫೋನ್ ಮಾಡಿದೆ. ಆಂಟಿಬಾಡಿ ಕೊಟ್ಟವರೂ ಅವರೇ. ಎರಡು ದಿನದಲ್ಲಿ ಕೊಟೇಶನ್ ಬಂತು. ನೋಡಿದರೆ ಕ್ಯಾಟಲಾಗ್ ನಂಬರ್ ಬೇರೆ. ಇನ್ನೊಂದು ಆರ್‌ಎಕ್ಸ್‌ಆರ್ ಆಂಟಿಬಾಡಿಯ ಪೆಪ್ಟೈಡ್ ಅದು, ಬೇರೆ ಕಂಪನಿಯದು.

“ಎಲ್ಲಾ ಆರ್‌ಎಕ್ಸ್‌ಆರ್ ತಾನೇ ಮೇಡಂ? ಇದು ಸ್ಟಾಕ್‌ನಲ್ಲಿದೆ, ನಾಳೆಯೇ ಕಳಿಸ್ತೀನಿ” ಅಂದರು.

ದಯವಿಟ್ಟು ಈ ಮಾತಿಗೆ ಮಾರುಹೋಗಬೇಡಿ. ಒಂದೇ ರಿಸೆಪ್ಟರ್‌ಗೆ ಹತ್ತಾರು ಆಂಟಿಬಾಡಿ ಇರುತ್ತವೆ, ಒಂದೊಂದೂ ಬೇರೆ ಬೇರೆ ತುಂಡನ್ನು ಹಿಡಿಯುತ್ತದೆ. ಮುಂಭಾಗದ ಪೆಪ್ಟೈಡ್ ತಂದು ನಡುಭಾಗದ ಆಂಟಿಬಾಡಿಗೆ ಹಾಕಿದರೆ ಒಂದು ಬ್ಯಾಂಡೂ ಹೋಗುವುದಿಲ್ಲ. ಆಗ ಒಳ್ಳೆಯ ಆಂಟಿಬಾಡಿಯನ್ನೇ ಕೆಟ್ಟದ್ದು ಎಂದು ತೀರ್ಮಾನ ಮಾಡಿಬಿಡುತ್ತೀರಿ. ಆಂಟಿಬಾಡಿಯ ಮಾಹಿತಿ ಹಾಳೆಯಲ್ಲಿ ಅದಕ್ಕೆ ಜೋಡಿಯಾದ ಪೆಪ್ಟೈಡ್‌ನ ನಂಬರ್ ಕೊಟ್ಟಿರುತ್ತಾರೆ. ಆ ನಂಬರನ್ನೇ ಪತ್ರದಲ್ಲಿ ಬರೆದು, ಬೇರೆ ಯಾವುದೂ ಬೇಡ ಎಂದು ಸೇರಿಸಿ. ಇಡೀ ಪ್ರೋಟೀನ್ ಚುಚ್ಚಿ ಮಾಡಿದ ಆಂಟಿಬಾಡಿಯಾಗಿದ್ದರೆ ಚಿಕ್ಕ ಪೆಪ್ಟೈಡ್ ನಿಮಗೆ ಪ್ರಯೋಜನಕ್ಕೇ ಬರುವುದಿಲ್ಲ, ಆ ಪ್ರೋಟೀನನ್ನೇ ತರಿಸಬೇಕು. ಇದನ್ನೆಲ್ಲ ಆಂಟಿಬಾಡಿ ಕೊಳ್ಳುವಾಗಲೇ ಕೇಳಿಟ್ಟುಕೊಂಡರೆ ಅರ್ಧ ಚಿಂತೆ ಕಡಿಮೆ.

ಸರಿಯಾದ ಪೆಪ್ಟೈಡ್ ಕಂಪನಿಯ ಪಟ್ಟಿಯಲ್ಲೇನೋ ಇತ್ತು. ಆದರೆ ಸ್ಟಾಕ್ ಇಲ್ಲ. ಆರ್ಡರ್ ಬಂದ ಮೇಲೆ ಮಾಡಿ ಕಳಿಸುತ್ತಾರಂತೆ, ಆರರಿಂದ ಎಂಟು ವಾರ. ಆಂಟಿಬಾಡಿಗೆ 40 ಸಾವಿರಕ್ಕೂ ಮೇಲೆ ಕೊಟ್ಟಿದ್ದೆವು. ಪೆಪ್ಟೈಡ್‌ಗೆ 20 ಸಾವಿರದ ಆಸುಪಾಸು, ಜಿಎಸ್‌ಟಿ ಮತ್ತು ಸಾಗಣೆ ಬೇರೆ. ಸಿಗುವುದು 100 ಮೈಕ್ರೋಗ್ರಾಂ. ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು!

ನಮ್ಮ ಗೈಡ್ ಮೇಡಂ ಹೇಳಿದರು, ಅಷ್ಟು ಕಾಯುವ ಬದಲು ನಾವೇ ಮಾಡಿಸಿಕೊಳ್ಳಬಹುದಲ್ವಾ ಎಂದು. ಭಾರತದಲ್ಲೇ ಪೆಪ್ಟೈಡ್ ಮಾಡಿಕೊಡುವವರಿದ್ದಾರೆ. ಅಮೈನೋ ಆಮ್ಲಗಳ ಸಾಲು ಕೊಟ್ಟರೆ ಒಂದೊಂದಾಗಿ ಪೋಣಿಸಿ ಕೊಡುತ್ತಾರೆ. ಕಂಪನಿಯದಕ್ಕಿಂತ ಅಗ್ಗ, ಸಿಗುವುದೂ ಮಿಲಿಗ್ರಾಂ ಲೆಕ್ಕದಲ್ಲಿ. ತೊಂದರೆ ಒಂದೇ, ಆ ಸಾಲು ನಮಗೆ ಗೊತ್ತಿರಲಿಲ್ಲ. ಮಾಹಿತಿ ಹಾಳೆಯಲ್ಲಿ ಕಂಪನಿಯ ಗುಟ್ಟು ಎಂದು ಬರೆದಿತ್ತು. ತಾಂತ್ರಿಕ ವಿಭಾಗಕ್ಕೆ ಇಮೇಲ್ ಮಾಡಿದೆವು. ಬಹಳ ವಿನಯದಿಂದ ಉತ್ತರ ಬಂತು. ತುಂಡು ಡಿಎನ್‌ಎ ಹಿಡಿಯುವ ಭಾಗದ್ದು, ಈ ಅಂಕೆಯಿಂದ ಈ ಅಂಕೆಯ ನಡುವಿನದು ಎಂದಷ್ಟೇ. ಆ ಎರಡು ಅಂಕೆಗಳ ನಡುವೆ ಎಂಬತ್ತರಷ್ಟು ಅಮೈನೋ ಆಮ್ಲ ಇದ್ದವು. ಅದರಲ್ಲಿ ಯಾವ ಹದಿನೈದು? ಹೇಳಲಿಲ್ಲ.

ಆದರೂ ಕೇಳಿದ್ದು ವ್ಯರ್ಥವಾಗಲಿಲ್ಲ. ಆ ಭಾಗವನ್ನು ಶಂಖದ ಆರ್‌ಎಕ್ಸ್‌ಆರ್ ಜೊತೆ ಕಂಪ್ಯೂಟರ್‌ನಲ್ಲಿ ಜೋಡಿಸಿ ನೋಡಿದೆವು. ಹೆಚ್ಚುಕಮ್ಮಿ ಒಂದೇ. ಬೇರೆ ನ್ಯೂಕ್ಲಿಯರ್ ರಿಸೆಪ್ಟರ್‌ಗಳ ಜೊತೆಗೂ ಜೋಡಿಸಿದೆವು. ಅಲ್ಲೂ ಹೋಲಿಕೆ ಇತ್ತು, ಆದರೆ ಇಷ್ಟಿಲ್ಲ. ಈ ಕೆಲಸಕ್ಕೆ ಪೈಸೆ ಖರ್ಚಿಲ್ಲ, ಒಂದು ಮಧ್ಯಾಹ್ನ ಸಾಕು. ಉತ್ತರ ಪತ್ರದಲ್ಲಿ ಇದು ಬಹಳ ಉಪಯೋಗಕ್ಕೆ ಬಂತು. ಪೆಪ್ಟೈಡ್ ಕಾಯುವ ಹೊತ್ತಿನಲ್ಲಿ ಮಾಡಿಟ್ಟುಕೊಳ್ಳಿ.

ಮುಂದಿನದು ಆಫೀಸಿನ ಪರ್ವ. ಮೂರು ಕೊಟೇಶನ್ ಬೇಕು ಅಂದರು. ಈ ಪೆಪ್ಟೈಡ್ ಮಾಡುವುದು ಜಗತ್ತಿನಲ್ಲಿ ಒಬ್ಬರೇ, ಮೂರು ಕೊಟೇಶನ್ ಎಲ್ಲಿಂದ ತರುವುದು? ಇದಕ್ಕೆ ದಾರಿ ಇದೆ. ಪ್ರೊಪ್ರೈಟರಿ ಸರ್ಟಿಫಿಕೇಟ್ ಎನ್ನುತ್ತಾರೆ. ಈ ವಸ್ತು ನಮ್ಮದು ಮಾತ್ರ, ಬೇರೆ ಯಾರೂ ಮಾಡುವುದಿಲ್ಲ ಎಂದು ಕಂಪನಿ ಬರೆದುಕೊಡಬೇಕು. ಇದೇ ವಸ್ತು ಯಾಕೆ ಬೇಕು ಎಂದು ಗೈಡ್ ಬರೆದುಕೊಡಬೇಕು. ನಾವು ರಿವ್ಯೂವರ್‌ನ ಪತ್ರದ ಪ್ರತಿಯನ್ನೂ ಲಗತ್ತಿಸಿದೆವು, ಆಂಟಿಬಾಡಿಯ ಹಳೆಯ ಬಿಲ್ ಕೂಡ. ಡೀಲರ್ ಕಡೆಯಿಂದ ಬರುವ ಪತ್ರ ಸಾಲುವುದಿಲ್ಲ, ತಯಾರಿಸುವ ಕಂಪನಿಯ ಲೆಟರ್‌ಹೆಡ್‌ನಲ್ಲೇ ಇರಬೇಕು, ತಾರೀಖು ಅದೇ ಆರ್ಥಿಕ ವರ್ಷದ್ದಾಗಿರಬೇಕು. ನಮ್ಮದು ಮಾರ್ಚ್ ಕೊನೆಗೆ ಬಂದಿದ್ದರಿಂದ ಏಪ್ರಿಲ್‌ನಲ್ಲಿ ಇನ್ನೊಂದು ತರಿಸಿ ಅಂದರು. ತರಿಸಿದೆವು.

ಅಷ್ಟರಲ್ಲಿ ಲೋಕಸಭೆ ಚುನಾವಣೆ. ನಮ್ಮ ಜಿಲ್ಲೆಯಲ್ಲಿ ಮತದಾನ ಮೇ 7ಕ್ಕೆ. ಫೈಲ್ ನೋಡುವ ಗುಮಾಸ್ತರು ಚುನಾವಣಾ ಡ್ಯೂಟಿಗೆ ಹೋದರು. ಅವರ ಟೇಬಲ್ ಮೇಲೆ ನಮ್ಮ ಫೈಲ್ ಕಾಣುತ್ತಿತ್ತು, ಹಸಿರು ದಾರ ಕಟ್ಟಿದ್ದು. ಮುಟ್ಟುವವರಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು?

ಆ ದಿನಗಳು ಕಷ್ಟದವು. ಫೆಲೋಶಿಪ್ ಮುಗಿದಿತ್ತು. ಮಾಡಬೇಕಾದ ಪ್ರಯೋಗ ಒಂದೇ ಒಂದು, ಅದೂ ಕೈಯಲ್ಲಿಲ್ಲ. ಶಿರಸಿಯಿಂದ ಆಯಿ ಫೋನ್ ಮಾಡಿದಾಗಲೆಲ್ಲ “ನಿನ್ನ ಆ ಔಷಧಿ ಬಂತನೇ ಕೂಸೆ?” ಎಂದು ಕೇಳುತ್ತಿದ್ದಳು. ಔಷಧಿ ಅಲ್ಲ ಎಂದು ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದೆ. ಜೊತೆಗಿದ್ದವರು ಥೀಸಿಸ್ ಬೈಂಡ್ ಮಾಡಿಸುತ್ತಿದ್ದರು. ನಾನು ಸಂಜೆ ಟಾಗೋರ್ ಕಡಲತೀರದಲ್ಲಿ ಸುಮ್ನೆ ನಡೆಯುತ್ತಿದ್ದೆ.

ಜರ್ನಲ್ ಕೊಟ್ಟ ಗಡುವು ಮುಗಿಯುತ್ತಾ ಬಂತು. ಇಲ್ಲಿ ಒಂದು ಮಾತು. ಗಡುವು ದಾಟಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಮೊದಲೇ ಸಂಪಾದಕರಿಗೆ ಬರೆಯಿರಿ. ಆರ್ಡರ್ ಮಾಡಿದ ಪತ್ರದ ಪ್ರತಿ ಸೇರಿಸಿ, ಇಂಥ ವಸ್ತು ವಿದೇಶದಿಂದ ಬರಬೇಕಿದೆ ಎಂದು ನೇರವಾಗಿ ಹೇಳಿ. ನಮಗೆ ಪ್ರಶ್ನೆಯೇ ಇಲ್ಲದೆ ಹೆಚ್ಚಿನ ಸಮಯ ಕೊಟ್ಟರು. ಅವರಿಗೂ ಇಂಥ ಪತ್ರ ಹೊಸದಲ್ಲ.

ಆರ್ಡರ್ ಕೊನೆಗೂ ಹೋಯಿತು, ಮಳೆಯೂ ಹಿಡಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತ್‌ಕೋಲ್‌ನಲ್ಲಿ ದೋಣಿಗಳು ಸಾಲಾಗಿ ನಿಂತಿದ್ದವು. ನನ್ನ ಶಂಖ ಇರುವ ಬಂಡೆಗಳ ಮೇಲೆ ಅಲೆ ಹೊಡೆಯುತ್ತಿದ್ದರಿಂದ ಅಲ್ಲಿಗೂ ಇಳಿಯುವಂತಿಲ್ಲ. ಬೇಕಾದ ಮಾದರಿಗಳನ್ನು ಮೇ ತಿಂಗಳ ಅಮಾವಾಸ್ಯೆಯ ಇಳಿತದಲ್ಲೇ ಆರಿಸಿ ತಂದು ಫ್ರೀಜ್ ಮಾಡಿಟ್ಟಿದ್ದೆವು. ನಮ್ಮ ಕರಾವಳಿಯಲ್ಲಿ ರಿವ್ಯೂವರ್ ಉತ್ತರಕ್ಕೆ ಹೊಸ ಮಾದರಿ ಬೇಕಾಗಬಹುದು ಅನ್ನಿಸಿದರೆ ಮಳೆಗೆ ಮುಂಚೆ ತಂದಿಡುವುದು ಒಳ್ಳೆಯದು.

ಕಸ್ಟಮ್ಸ್‌ನಲ್ಲಿ ಪೊಟ್ಟಣ ನಿಂತಿತು. ಇದು ಪ್ರಾಣಿಜನ್ಯವೋ ಅಲ್ಲವೋ ಎಂಬ ಪ್ರಶ್ನೆ. ಪೆಪ್ಟೈಡ್ ಯಂತ್ರದಲ್ಲಿ ರಾಸಾಯನಿಕವಾಗಿ ಜೋಡಿಸಿದ್ದು, ಯಾವ ಪ್ರಾಣಿಯಿಂದಲೂ ಬಂದಿದ್ದಲ್ಲ, ಸೋಂಕು ಹರಡುವಂಥದ್ದಲ್ಲ, ಸಂಶೋಧನೆಗೆ ಮಾತ್ರ ಎಂದು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟೆವು. ಜೊತೆಗೆ ಕಂಪನಿಯ ಸುರಕ್ಷತಾ ಮಾಹಿತಿ ಹಾಳೆ. ಈ ಪತ್ರವನ್ನು ಆರ್ಡರ್ ಜೊತೆಯಲ್ಲೇ ಡೀಲರ್‌ಗೆ ಕೊಟ್ಟಿಡಿ. ನಮ್ಮ ಡೀಲರ್ ಇದು ಬೇಕಾಗುತ್ತದೆ ಎಂದು ಹೇಳಿದ್ದು ಪೊಟ್ಟಣ ನಿಂತ ಮೇಲೆ.

ಬೆಂಗಳೂರಿನಿಂದ ಹೊರಟದ್ದು ಜುಲೈನಲ್ಲಿ. ಡ್ರೈ ಐಸ್ ಹಾಕಿ ಕಾರವಾರದವರೆಗೆ ಕಳಿಸುವ ಹೊಣೆ ಹೊರಲು ಕೊರಿಯರ್‌ನವರು ಒಪ್ಪಲಿಲ್ಲ. ಮಳೆ, ಘಾಟ್, ಯಾವಾಗ ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲ ಅಂದರು. ಸರಿಯಾದ ಮಾತೇ. ಆದರೆ ಒಣಗಿಸಿ ಪುಡಿ ಮಾಡಿದ ಪೆಪ್ಟೈಡ್‌ಗೆ ಐಸ್ ಬೇಕಿಲ್ಲ. ಕೆಲವು ದಿನ ಹೊರಗಿನ ಶಾಖದಲ್ಲಿದ್ದರೂ ತಡೆದುಕೊಳ್ಳುತ್ತದೆ. ಐಸ್ ಜೊತೆ ಬರಬೇಕಾದ್ದು ನೀರಿನಲ್ಲಿ ಕರಗಿಸಿದ್ದು. ನಮ್ಮ ಕಡೆಗೆ ತರಿಸುವುದಾದರೆ, ಆಯ್ಕೆ ಇದ್ದಲ್ಲಿ, ಪುಡಿಯನ್ನೇ ಕೇಳಿ.

ಪೊಟ್ಟಣ ಹುಬ್ಬಳ್ಳಿಯಲ್ಲಿ ನಿಂತಿದೆ ಎಂದು ಮೆಸೇಜ್ ಬಂತು. ಅರಬೈಲು ಘಾಟ್‌ನಲ್ಲಿ ಗಾಡಿ ತಡ ಅಂದರು. ಅದೇ ಹೊತ್ತಿಗೆ ಜುಲೈ 16ಕ್ಕೆ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಜನ ಹೋದರು, ಲಾರಿ ಸಮೇತ ಗಂಗಾವಳಿ ನದಿ ಸೇರಿದವರೂ ಇದ್ದರು. ಆ ವಾರ ಕೊರಿಯರ್ ಆಫೀಸಿಗೆ ಫೋನ್ ಮಾಡಿ ನನ್ನ ಸೀಸೆ ಎಲ್ಲಿ ಎಂದು ಕೇಳಲು ಮನಸ್ಸು ಬರಲಿಲ್ಲ. ಕುಮಟಾ ಕಡೆಯಿಂದ ಬರುವ ನಮ್ಮ ಲ್ಯಾಬ್ ಅಟೆಂಡರ್ ಅಣ್ಣ ಸುತ್ತುಬಳಸಿ ಬರಬೇಕಾಗಿ, ಕೊನೆಗೆ ಕಾರವಾರದಲ್ಲೇ ಉಳಿದುಕೊಂಡರು. ಅವರೇ ಒಂದು ದಿನ ಬೆಳಿಗ್ಗೆ ಪೊಟ್ಟಣ ತಂದು ಟೇಬಲ್ ಮೇಲಿಟ್ಟರು. ದೊಡ್ಡ ಥರ್ಮೋಕೋಲ್ ಡಬ್ಬ, ಒಳಗೆ ಹೆಬ್ಬೆರಳಿಗಿಂತ ಚಿಕ್ಕ ಸೀಸೆ.

“ಮೇಡಂ, ಇದು ಖಾಲಿ ಇದೆಯಲ್ಲ” ಅಂದರು ಅಣ್ಣ.

ಖಾಲಿಯೇ ಕಾಣುತ್ತದೆ. 100 ಮೈಕ್ರೋಗ್ರಾಂ ಪುಡಿ ಕಣ್ಣಿಗೆ ಕಾಣುವುದು ಕಷ್ಟ. ಒಮ್ಮೊಮ್ಮೆ ಮುಚ್ಚಳದ ಒಳಗೆ ಅಂಟಿರುತ್ತದೆ. ತೆಗೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ ತಳಕ್ಕೆ ಇಳಿಸಬೇಕು. ಇನ್ನೊಂದು ವಿಷಯ, ಮಳೆಗಾಲದ ಕಾರವಾರಕ್ಕೆ ಇದು ಬಹಳ ಮುಖ್ಯ: ಫ್ರೀಜರ್‌ನಿಂದ ತೆಗೆದ ಸೀಸೆಯನ್ನು ತಕ್ಷಣ ತೆರೆಯಬೇಡಿ. ಇಲ್ಲಿಯ ಗಾಳಿಯಲ್ಲಿ ನೀರೇ ಇರುತ್ತದೆ. ತಣ್ಣಗಿನ ಸೀಸೆ ತೆರೆದ ಕೂಡಲೇ ಒಳಗೆ ಹನಿ ಕಟ್ಟುತ್ತದೆ, ಪುಡಿ ತೇವ ಹೀರುತ್ತದೆ. ಮುಚ್ಚಿಟ್ಟೇ ಕೋಣೆಯ ಶಾಖಕ್ಕೆ ಬರಲಿ, ಆಮೇಲೆ ತೆರೆಯಿರಿ. ಕರಗಿಸಿದ ಮೇಲೆ ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಒಂದೇ ಟ್ಯೂಬನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಕೆಡುತ್ತದೆ. ಕರೆಂಟ್ ಹೋಗಿ ಬಂದು ಆಡುವ ದಿನಗಳಲ್ಲಿ ಫ್ರೀಜರ್‌ಗೆ ಯುಪಿಎಸ್ ಲೈನ್ ಇದೆಯೋ ನೋಡಿಕೊಳ್ಳಿ.

ಈಗ ಲೆಕ್ಕ. ಸಾಮಾನ್ಯವಾಗಿ ಆಂಟಿಬಾಡಿಯ ತೂಕದ ಐದು ಪಟ್ಟು ಪೆಪ್ಟೈಡ್ ಹಾಕುತ್ತಾರೆ. ಕಡಿಮೆ ಅನ್ನಿಸಬಹುದು. ಆದರೆ ಆಂಟಿಬಾಡಿ ಸುಮಾರು 1,50,000 ಡಾಲ್ಟನ್, ಹದಿನೈದು ಅಮೈನೋ ಆಮ್ಲದ ಪೆಪ್ಟೈಡ್ ಸುಮಾರು 1,700. ತೂಕದಲ್ಲಿ ಐದು ಪಟ್ಟು ಅಂದರೆ ಎಣಿಕೆಯಲ್ಲಿ 400 ಪಟ್ಟಿಗೂ ಮೇಲೆ. ಸಾಕೋ ಸಾಕು. ನಮ್ಮ ಆಂಟಿಬಾಡಿ ಬಳಸುವುದು ಮಿಲಿಲೀಟರ್‌ಗೆ 1 ಮೈಕ್ರೋಗ್ರಾಂನಂತೆ. 5 ಮಿಲಿಲೀಟರ್ ದ್ರಾವಣಕ್ಕೆ 25 ಮೈಕ್ರೋಗ್ರಾಂ ಪೆಪ್ಟೈಡ್ ಬೇಕು. ಅಂದರೆ ಒಂದು ಸೀಸೆಗೆ ನಾಲ್ಕೇ ಬ್ಲಾಟ್. ಮೆಂಬ್ರೇನನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಸೀಲ್ ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ 2 ಮಿಲಿಲೀಟರ್‌ನಲ್ಲೇ ಮುಗಿಸಿದರೆ ಹತ್ತು ಆಗುತ್ತವೆ. ನಾವು ಹಾಗೇ ಮಾಡಿದೆವು. ಮನೆಯಲ್ಲಿ ಹಪ್ಪಳದ ಪ್ಯಾಕೆಟ್ ಸೀಲ್ ಮಾಡುವ ಯಂತ್ರ ಇದಕ್ಕೆ ಚೆನ್ನಾಗಿ ಸಾಲುತ್ತದೆ.

ಮಾಡಿದ ರೀತಿ ಹೀಗೆ. ಒಂದೇ ಜೆಲ್‌ನಲ್ಲಿ ಒಂದೇ ಮಾದರಿಯನ್ನು ಪಕ್ಕಪಕ್ಕದಲ್ಲಿ ಓಡಿಸಿ, ಪಿವಿಡಿಎಫ್ ಎಂಬ ಪ್ಲಾಸ್ಟಿಕ್‌ನ ಒಂದೇ ಮೆಂಬ್ರೇನ್‌ಗೆ ವರ್ಗಾಯಿಸಿ ಮೂರು ಪಟ್ಟಿ ಮಾಡಿದೆವು. ಮೊದಲ ಟ್ಯೂಬ್‌ನಲ್ಲಿ ಆಂಟಿಬಾಡಿ ಮಾತ್ರ. ಎರಡನೆಯದರಲ್ಲಿ ಆಂಟಿಬಾಡಿ ಮತ್ತು ಪೆಪ್ಟೈಡ್. ಎರಡನ್ನೂ ರಾತ್ರಿಯಿಡೀ 4 ಡಿಗ್ರಿಯಲ್ಲಿ ತಿರುಗಿಸಿದೆವು. ಬರೀ ಆಂಟಿಬಾಡಿ ಇರುವ ಟ್ಯೂಬನ್ನೂ ಅಷ್ಟೇ ಹೊತ್ತು ತಿರುಗಿಸಬೇಕು. ಇಲ್ಲದಿದ್ದರೆ ಬ್ಯಾಂಡ್ ಹೋದದ್ದು ಪೆಪ್ಟೈಡ್‌ನಿಂದಲೋ, ರಾತ್ರಿಯಿಡೀ ಇಟ್ಟು ಆಂಟಿಬಾಡಿ ಬಳಲಿದ್ದರಿಂದಲೋ ಎಂದು ಯಾರಾದರೂ ಕೇಳುತ್ತಾರೆ. ಮೂರನೆಯ ಪಟ್ಟಿಗೆ ಮೊದಲ ಆಂಟಿಬಾಡಿಯೇ ಇಲ್ಲ, ಮೊಲದ ಆಂಟಿಬಾಡಿಯನ್ನು ಹಿಡಿದು ಬ್ಯಾಂಡ್ ಕಾಣುವಂತೆ ಮಾಡುವ ಎರಡನೆಯದು ಮಾತ್ರ. ಈ ಮೂರನೆಯ ಪಟ್ಟಿಯನ್ನು ರಿವ್ಯೂವರ್ ಕೇಳಿರಲಿಲ್ಲ. ಮೇಡಂ ಹಟ ಮಾಡಿ ಹಾಕಿಸಿದರು.

ಬ್ಯಾಂಡ್‌ಗಳು ಸೂಸುವ ಬೆಳಕಿನ ಚಿತ್ರ ತೆಗೆಯುವ ಯಂತ್ರ ನಮ್ಮಲ್ಲಿಲ್ಲ. ಗೋವಾದ ಒಂದು ಲ್ಯಾಬ್‌ಗೆ ಹೋಗಬೇಕು. ಹೊರಡುವ ತಯಾರಿಯಲ್ಲಿದ್ದಾಗ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಕೋಡಿಬಾಗದಿಂದ ಸದಾಶಿವಗಡ ದಾಟಿ ಗೋವಾಕ್ಕೆ ಹೋಗುವ ದಾರಿ ಅದು. ಹೊಸ ಸೇತುವೆ ಉಳಿದಿತ್ತು. ಅದರ ಮೇಲೂ ಮೊದಲು ಸಂಚಾರ ನಿಲ್ಲಿಸಿದ್ದರು, ಆಮೇಲೆ ಎರಡೂ ಕಡೆಯ ಗಾಡಿಗಳನ್ನು ಅದರ ಮೇಲೆಯೇ ಬಿಟ್ಟರು. ನಾವು ಕೆಲವು ದಿನ ಬಿಟ್ಟು ರೈಲಿನಲ್ಲಿ ಹೋದೆವು. ಪಿವಿಡಿಎಫ್‌ನ ಒಂದು ಅನುಕೂಲ ಆಗ ಕೈ ಹಿಡಿಯಿತು. ಪ್ರೋಟೀನ್ ವರ್ಗಾವಣೆ ಆದ ಮೇಲೆ ಅದನ್ನು ಒಣಗಿಸಿ ಇಡಬಹುದು. ಬೇಕಾದಾಗ ಮೆಥನಾಲ್‌ನಲ್ಲಿ ಅದ್ದಿದರೆ ಮತ್ತೆ ಹಸಿಯಾಗುತ್ತದೆ. ಒಣ ಮೆಂಬ್ರೇನನ್ನು ಬ್ಲಾಟಿಂಗ್ ಕಾಗದದ ನಡುವೆ ಲಕೋಟೆಯಲ್ಲಿಟ್ಟುಕೊಂಡು, ಆಂಟಿಬಾಡಿ ಮತ್ತು ಪೆಪ್ಟೈಡ್ ಮಾತ್ರ ಐಸ್ ಡಬ್ಬದಲ್ಲಿ ಹಿಡಿದು ಹೊರಟೆವು. ಮುಂದಿನದೆಲ್ಲ ಅಲ್ಲೇ ಮಾಡಿದೆವು. ಮೂರೂ ಪಟ್ಟಿಯನ್ನು ಒಟ್ಟಿಗಿಟ್ಟು ಒಂದೇ ಚಿತ್ರದಲ್ಲಿ ತೆಗೆದೆವು. ಬೇರೆ ಬೇರೆ ತೆಗೆದು ಆಮೇಲೆ ಜೋಡಿಸಿದರೆ ನಂಬುವವರು ಕಡಿಮೆ.

ಪರದೆಯ ಮೇಲೆ ಚಿತ್ರ ಬಂತು. ಮೊದಲ ಪಟ್ಟಿಯಲ್ಲಿ ಎಂದಿನ ಮೂರು ಬ್ಯಾಂಡ್. ಪೆಪ್ಟೈಡ್ ಹಾಕಿದ ಪಟ್ಟಿಯಲ್ಲಿ 50ರ ಮೇಲಿನದು ಹೋಗಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. 75ರದ್ದು ಹಾಗೇ ಇತ್ತು. ಮೂರನೆಯ ಪಟ್ಟಿಯಲ್ಲೂ ಅದು ಇತ್ತು, ಅಂದರೆ ಅದು ಎರಡನೆಯ ಆಂಟಿಬಾಡಿಯದೇ ಕಿತಾಪತಿ, ನಮ್ಮ ಆಂಟಿಬಾಡಿಗೆ ಸಂಬಂಧವಿಲ್ಲ. ಮೂರನೆಯ ಪಟ್ಟಿ ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಆದರೆ 35ರ ಬ್ಯಾಂಡೂ ಹೋಗಿತ್ತು.

“ಎರಡೂ ಹೋಯ್ತಲ್ಲ ಮೇಡಂ, ಎರಡೂ ಆರ್‌ಎಕ್ಸ್‌ಆರ್ ಅಂತ ಬರೆಯೋಣ್ವಾ?” ಅಂದೆ.

“ಹೋಯ್ತು ಅಂದ್ರೆ ಆಂಟಿಬಾಡಿ ಹಿಡಿದಿದ್ದು ಆ ಪೆಪ್ಟೈಡ್ ಥರದ ತುಂಡನ್ನ, ಅಷ್ಟೇ. ಅದು ಆರ್‌ಎಕ್ಸ್‌ಆರ್ ಅಂತ ಪೆಪ್ಟೈಡ್ ಹೇಳಲ್ಲಮ್ಮ” ಅಂದರು.

ಇಡೀ ಕಥೆಯಲ್ಲಿ ನಿಮಗೆ ಬೇಕಾದ್ದು ಒಂದೇ ಇದ್ದರೆ ಅದು ಈ ಮಾತು. ಆಂಟಿಬಾಡಿ ತಪ್ಪು ಪ್ರೋಟೀನನ್ನು ಹಿಡಿದಾಗಲೂ ಹಿಡಿಯುವುದು ಅದೇ ಕೈಯಿಂದ. ಪೆಪ್ಟೈಡ್ ಆ ಕೈಯನ್ನು ತುಂಬಿಸಿದರೆ ಸರಿಯಾದ ಬ್ಯಾಂಡೂ ಹೋಗುತ್ತದೆ, ತಪ್ಪು ಬ್ಯಾಂಡೂ ಹೋಗುತ್ತದೆ. ನ್ಯೂಕ್ಲಿಯರ್ ರಿಸೆಪ್ಟರ್ ಕ್ಷೇತ್ರದಲ್ಲಿ ಇದು ಬರೀ ವಾದ ಅಲ್ಲ. ಈಸ್ಟ್ರೊಜೆನ್ ರಿಸೆಪ್ಟರ್ ಬೀಟಾ 1996ರಲ್ಲಿ ಪತ್ತೆಯಾಯಿತು. ಅದು ದೇಹದ ಎಲ್ಲೆಲ್ಲಿದೆ ಎಂದು ಪೇಪರ್‌ಗಳ ಮೇಲೆ ಪೇಪರ್ ಬಂದವು. 2017ರಲ್ಲಿ 13 ಆಂಟಿಬಾಡಿಗಳನ್ನು ಒಟ್ಟಿಗೆ ಪರೀಕ್ಷಿಸಿ ನೋಡಿದಾಗ ಅದನ್ನು ಸರಿಯಾಗಿ ಹಿಡಿಯುತ್ತಿದ್ದದ್ದು ಒಂದೇ ಒಂದು. ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಆಂಟಿಬಾಡಿಯನ್ನು ಖಚಿತಪಡಿಸಲು ಐದು ದಾರಿಗಳನ್ನು ಪರಿಣತರ ಗುಂಪೊಂದು ಸೂಚಿಸಿತ್ತು. ಜೀನ್ ತೆಗೆದು ನೋಡುವುದು, ಆಂಟಿಬಾಡಿ ಇಲ್ಲದ ಬೇರೆ ವಿಧಾನದಿಂದ ಅಳೆಯುವುದು, ಬೇರೆ ತುಂಡಿಗೆ ಮಾಡಿದ ಇನ್ನೊಂದು ಆಂಟಿಬಾಡಿ ಬಳಸುವುದು, ಗುರುತು ಅಂಟಿಸಿದ ಪ್ರೋಟೀನ್ ಜೊತೆ ಹೋಲಿಸುವುದು, ಆಂಟಿಬಾಡಿ ಹಿಡಿದದ್ದನ್ನು, ತುಂಡುಗಳ ತೂಕ ಅಳೆದು ಯಾವ ಪ್ರೋಟೀನ್ ಎಂದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕುವುದು. ಆ ಐದರಲ್ಲಿ ಬ್ಲಾಕಿಂಗ್ ಪೆಪ್ಟೈಡ್ ಇಲ್ಲ! ಹಾಗಂತ ರಿವ್ಯೂವರ್ ಕೇಳಿದಾಗ ಇದನ್ನೇ ನೆಪ ಮಾಡಿ ತಪ್ಪಿಸಿಕೊಳ್ಳಬೇಡಿ. 75ರ ಬ್ಯಾಂಡ್ ಸುಳ್ಳು ಎಂದು ತಿಳಿದದ್ದು ಈ ಪ್ರಯೋಗದಿಂದಲೇ. ಬೇಡದ್ದನ್ನು ತೆಗೆದುಹಾಕಲು ಇದು ಒಳ್ಳೆಯ ಸಾಧನ. ಬೇಕಾದ್ದನ್ನು ಸಾಬೀತು ಮಾಡಲು ಸಾಲುವುದಿಲ್ಲ.

35ರ ಬ್ಯಾಂಡ್ ಬಗ್ಗೆ ಅನುಮಾನ ಒಂದೇ ಇತ್ತು. ನಾವು ತೆಗೆದುಕೊಂಡದ್ದು ಶಂಖದ ಜೀರ್ಣಗ್ರಂಥಿ. ಅದರ ತುಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳೇ. ಫ್ರೀಜರ್‌ನಲ್ಲಿದ್ದ ಬೇರೆ ಶಂಖಗಳನ್ನು ತೆಗೆದು, ಕರಗಲು ಬಿಡದೆ ನೇರವಾಗಿ ಐಸ್ ಮೇಲೆ ಅರೆದು, ಕಿಣ್ವ ತಡೆಯುವ ಮಿಶ್ರಣವನ್ನು ದುಪ್ಪಟ್ಟು ಹಾಕಿ ಮತ್ತೆ ಓಡಿಸಿದೆವು. 35ರದ್ದು ಬಹಳ ತೆಳುವಾಯಿತು, 50ರ ಮೇಲಿನದು ದಪ್ಪವಾಯಿತು. ಅಂದರೆ ಅದು ದೊಡ್ಡ ಪ್ರೋಟೀನ್ ಮುರಿದ ತುಂಡು ಎನ್ನಲು ಆಧಾರ ಸಿಕ್ಕಿತು. ಗೋವಾದ ಲ್ಯಾಬ್‌ನವರು ಮನುಷ್ಯರ ಯಕೃತ್ತಿನ ಜೀವಕೋಶ, ಹೆಪ್‌ಜಿ2, ಅದರ ಸಾರವನ್ನೂ ಕೊಟ್ಟರು. ಆರ್‌ಎಕ್ಸ್‌ಆರ್-ಆಲ್ಫಾ ಅದರಲ್ಲಿ ಖಂಡಿತ ಇರುತ್ತದೆ. ಅದರ ಬ್ಯಾಂಡ್ ನಮ್ಮದರ ಪಕ್ಕದಲ್ಲೇ ಬಂತು, ಪೆಪ್ಟೈಡ್ ಹಾಕಿದಾಗ ಅದೂ ಹೋಯಿತು. ಇದನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಪೆಪ್ಟೈಡ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಗೊತ್ತಿರುವ ಮಾದರಿಯ ಮೇಲೆ ಮಾತ್ರ.

ಉತ್ತರ ಪತ್ರದಲ್ಲಿ ಎಲ್ಲ ಚಿತ್ರವನ್ನೂ ಕತ್ತರಿಸದೆ ಹಾಕಿದೆವು. ಪೆಪ್ಟೈಡ್ ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಎಂದು ನಾವೇ ಬರೆದೆವು. ರಿವ್ಯೂವರ್ ಇನ್ನೊಂದು ಸಣ್ಣ ತಿದ್ದುಪಡಿ ಕೇಳಿದರು. ಶಂಖದ ಆರ್‌ಎಕ್ಸ್‌ಆರ್ ಎಂದು ಖಡಾಖಂಡಿತವಾಗಿ ಬರೆದಲ್ಲೆಲ್ಲ ಆ ಆಂಟಿಬಾಡಿಗೆ ಸ್ಪಂದಿಸುವ ಪ್ರೋಟೀನ್ ಎಂದು ಬರೆಯಿರಿ ಎಂದರು. ಬರೆದೆವು. ಒಪ್ಪಿಗೆಯಾಯಿತು. ಆಯಿಗೆ ಔಷಧಿ ಕೆಲಸ ಮಾಡಿತು ಎಂದು ಹೇಳಿದೆ.

ಕೊನೆಗೆ ಎರಡು ಸಣ್ಣ ವಿಷಯ. ಜರ್ನಲ್‌ನವರು ಆಂಟಿಬಾಡಿ ಮತ್ತು ಪೆಪ್ಟೈಡ್ ಎರಡರ ಕ್ಯಾಟಲಾಗ್ ನಂಬರ್ ಜೊತೆ ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಎಂಬ ಸಂಖ್ಯೆ, ಕೂಡ ಕೇಳಿದರು. ಮೊಲದಿಂದ ಮಾಡಿದ ಪಾಲಿಕ್ಲೋನಲ್, ಅಂದರೆ ಹಲವು ಬಗೆಯವು ಬೆರೆತ, ಆಂಟಿಬಾಡಿ ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ, ಹಾಗಾಗಿ ಅವರು ಕೇಳುವುದು ನ್ಯಾಯವೇ. ಫ್ರೀಜರ್‌ನ ತೇವಕ್ಕೆ ಲೇಬಲ್‌ನ ಅಕ್ಷರ ಅಳಿಸಿಹೋಗುತ್ತದೆ, ಬಂದ ದಿನವೇ ಫೋಟೋ ತೆಗೆದಿಡಿ. ಖಾಲಿಯಾದ ಸೀಸೆಯನ್ನೂ ಬಿಸಾಡಬೇಡಿ. ಸ್ಟಾಕ್ ರಿಜಿಸ್ಟರ್‌ನಲ್ಲಿ 20 ಸಾವಿರದ ವಸ್ತು ಎಂದು ಬರೆದಿರುತ್ತದೆ. ಆಡಿಟ್‌ನವರು ಬಂದಾಗ ಅದನ್ನು ತೋರಿಸಿ ಅನ್ನುತ್ತಾರೆ, ನಮ್ಮಲ್ಲಿ ಹೋದ ವಾರವೇ ಕೇಳಿದ್ದಾಯಿತು.